ಹೊಳೆದಂಡೆಯ ಊರಿಗೊಂದು ನೆರೆ ಯೋಜನೆ: ಮುಂಗಾರಿಗೆ ಮೊದಲೇ ಕೂತು ತೀರ್ಮಾನಿಸಬೇಕಾದದ್ದು

ಕೃಷ್ಣಾ ನದಿಯ ನೆರೆ ಹೇಳದೆ ಕೇಳದೆ ಬರುವಂಥದ್ದಲ್ಲ. ಕೊಯ್ನಾ, ವಾರಣಾ, ರಾಧಾನಗರಿಯ ಕಡೆ ಸುರಿದ ಮಳೆ ಪಂಚಗಂಗೆಯನ್ನೂ ಕೂಡಿಸಿಕೊಂಡು ರಾಜಾಪುರ ಬ್ಯಾರೇಜ್ ದಾಟಿ ಚಿಕ್ಕೋಡಿ ಸೀಮೆಗೆ ಇಳಿಯುತ್ತದೆ, ಅಲ್ಲಿ ದೂಧಗಂಗೆಯ ನೀರೂ ಸೇರಿಕೊಳ್ಳುತ್ತದೆ, ಆ ಬಳಿಕವೇ ರಾಯಬಾಗ, ಅಥಣಿ, ಜಮಖಂಡಿಯ ದಂಡೆಗಳು ತುಂಬಲು ಶುರುವಾಗುತ್ತವೆ. 2005, 2019 ಮತ್ತು 2021ರ ನೆರೆಗಳಲ್ಲಿ ಈ ಭಾಗದ ಜನರ ಕೈಯಲ್ಲಿ ಕೆಲವು ಗಂಟೆಗಳಾದರೂ, ಕೆಲವು ಊರುಗಳಲ್ಲಿ ಒಂದೆರಡು ದಿನಗಳೂ ಇದ್ದವು. ಆದರೂ ಸೊಂಟದ ಮಟ್ಟದ ನೀರಿನಲ್ಲಿ ಹೊರಬಂದ ಮನೆಗಳು ಕಡಿಮೆಯೇನಲ್ಲ. ಅದಕ್ಕೆ ಸಮಯದ ಕೊರತೆಗಿಂತ ದೊಡ್ಡ ಕಾರಣವೊಂದಿತ್ತು. ಯಾವಾಗ ಹೊರಡಬೇಕು, ಹೊರಡಿರೆಂದು ಯಾರು ಹೇಳಬೇಕು, ದನಗಳನ್ನು ಎಲ್ಲಿ ಕಟ್ಟಬೇಕು ಎಂಬ ಮೂರು ಪ್ರಶ್ನೆಗಳಿಗೆ ಊರು ಮೊದಲೇ ಉತ್ತರ ಕಂಡುಕೊಂಡಿರಲಿಲ್ಲ. ನೆರೆ ಯೋಜನೆ ಎಂದರೆ ಮುಖ್ಯವಾಗಿ ಈ ಮೂರು ತೀರ್ಮಾನಗಳು. ಉಳಿದ ಸಿದ್ಧತೆಗಳೆಲ್ಲ ಇವುಗಳ ಹಿಂದೆ ಬರುತ್ತವೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವಿದೆ ಮತ್ತು ಜಿಲ್ಲಾ ಯೋಜನೆಯೂ ಇರುತ್ತದೆ. ಆದರೆ ಹರಿಜನಕೇರಿಯ ಹಿಂದಿನ ಹಳ್ಳ ಮೊದಲು ಉಕ್ಕುತ್ತದೆಯೋ ಅಥವಾ ಹೊಳೆಯ ನೀರು ಅಗಸಿಯ ಕಡೆಯಿಂದ ಮೊದಲು ಬರುತ್ತದೆಯೋ ಎಂಬುದು ಜಿಲ್ಲಾ ಯೋಜನೆಯಲ್ಲಿ ಇರಲು ಸಾಧ್ಯವಿಲ್ಲ. ಅದು ಊರವರಿಗೆ ಮಾತ್ರ ಗೊತ್ತಿರುವ ವಿಷಯ. ಆದ್ದರಿಂದ ಮೇ ತಿಂಗಳ ಮೊದಲ ಎರಡು ವಾರಗಳಲ್ಲಿ, ಬಿತ್ತನೆಯ ಗಡಿಬಿಡಿ ಶುರುವಾಗುವ ಮೊದಲು, ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಪಂಚಾಯಿತಿ ಸದಸ್ಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಮಹಿಳೆಯರು, ಟ್ರ್ಯಾಕ್ಟರ್ ಇರುವವರು ಮತ್ತು ಹೊಳೆಯಲ್ಲಿ ಮೀನು ಹಿಡಿಯುವವರು ಒಂದೆಡೆ ಕೂರಬೇಕು. ಮೀನುಗಾರರನ್ನು ಮರೆಯುವುದು ಸಾಮಾನ್ಯವಾಗಿ ಆಗುವ ತಪ್ಪು. ಹೊಳೆಯ ಸುಳಿ, ಮಡು, ಸೆಳವು ಎಲ್ಲಿವೆ ಎಂಬುದನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇರುವುದಿಲ್ಲ.

ಮೊದಲು ನೀರಿನ ಲೆಕ್ಕ

ಟಿವಿಯಲ್ಲಿ ಕೇಳುವ ಕ್ಯೂಸೆಕ್ ಸಂಖ್ಯೆ ಊರಿನ ಮಟ್ಟಿಗೆ ಏನು ಹೇಳುತ್ತದೆ ಎಂಬುದು ತಿಳಿಯದಿದ್ದರೆ ಆ ಸಂಖ್ಯೆಯಿಂದ ಭಯ ಹೆಚ್ಚುತ್ತದೆಯೇ ಹೊರತು ಉಪಯೋಗವಾಗುವುದಿಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಅದು 8.64 ಟಿಎಂಸಿ ಆಗುತ್ತದೆ. ಆಲಮಟ್ಟಿ ಜಲಾಶಯದ ಸಾಮರ್ಥ್ಯ ಸುಮಾರು 123 ಟಿಎಂಸಿ. ಒಳಹರಿವು ನಾಲ್ಕು ಲಕ್ಷ ಕ್ಯೂಸೆಕ್ ಇದ್ದರೆ ಪೂರ್ತಿ ಬರಿದಾದ ಜಲಾಶಯವೂ ಮೂರೂವರೆ ದಿನಗಳಲ್ಲಿ ತುಂಬಿಹೋಗುತ್ತದೆ. ಆದ್ದರಿಂದ ಅಣೆಕಟ್ಟು ಇದೆಯಲ್ಲ, ತಡೆದುಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ಊರು ಕುಳಿತಿರಬಾರದು. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರನ್ನು ಕೆಳಕ್ಕೆ ಬಿಡಬೇಕಾಯಿತು.

ಪ್ರತಿ ಊರೂ ತನ್ನದೇ ಒಂದು ನೆರೆ ವಹಿ ಇಟ್ಟುಕೊಳ್ಳುವುದು ಒಳ್ಳೆಯದು. ನೂರು ಪುಟದ ನೋಟ್‌ಬುಕ್ ಸಾಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನಕ್ಕೆ ಎರಡು ಬಾರಿ, ನೆರೆ ಏರುವಾಗ ಪ್ರತಿ ಮೂರು ಗಂಟೆಗೊಮ್ಮೆ, ಮೇಲಿನ ಬ್ಯಾರೇಜ್ ಅಥವಾ ಅಣೆಕಟ್ಟಿನಿಂದ ಬಿಟ್ಟ ನೀರಿನ ಪ್ರಮಾಣ, ಅದನ್ನು ತಿಳಿದ ಸಮಯ ಮತ್ತು ಊರಿನ ಗುರುತುಗಲ್ಲಿನಲ್ಲಿ ಕಂಡ ನೀರಿನ ಮಟ್ಟ ಈ ಮೂರನ್ನು ಒಂದೇ ಸಾಲಿನಲ್ಲಿ ಬರೆಯಬೇಕು. ಎರಡು ಮಳೆಗಾಲ ಕಳೆದರೆ, ರಾಜಾಪುರದಲ್ಲಿ ಇಷ್ಟು ನೀರು ಬಿಟ್ಟರೆ ನಮ್ಮ ಊರಿನ ಸೇತುವೆ ಎಷ್ಟು ಗಂಟೆಗಳ ನಂತರ ಮುಳುಗುತ್ತದೆ ಎಂಬುದು ಆ ವಹಿಯಲ್ಲೇ ಕಾಣಿಸುತ್ತದೆ. ಬೇರೆ ಯಾವ ಇಲಾಖೆಯೂ ಆ ಒಂದು ಊರಿಗಾಗಿ ಇಂಥ ಲೆಕ್ಕವನ್ನು ಕೊಡಲಾರದು. ಮಲಪ್ರಭಾ ಮತ್ತು ಘಟಪ್ರಭಾ ದಂಡೆಯವರು ಇನ್ನಷ್ಟು ಎಚ್ಚರದಿಂದಿರಬೇಕು. ನವಿಲುತೀರ್ಥ ಅಥವಾ ಹಿಡಕಲ್ ಅಣೆಕಟ್ಟೆಗೆ ಹತ್ತಿರವಿರುವ ಊರುಗಳಿಗೆ ಗೇಟು ತೆರೆದ ಮೇಲೆ ಸಿಗುವ ಅವಧಿ ತೀರ ಕಡಿಮೆ.

ಗುರುತುಗಲ್ಲಿಗೆ ಹೊಸ ಖರ್ಚೇನೂ ಬೇಕಿಲ್ಲ. ಹೊಳೆಗೆ ಇಳಿಯುವ ದಾರಿಯಲ್ಲಿರುವ ಗಟ್ಟಿಯಾದ ಕಟ್ಟೆ, ಸೇತುವೆಯ ಕಂಬ ಅಥವಾ ಗುಡಿಯ ಗೋಡೆ ಆದೀತು. ಅದರ ಮೇಲೆ ಎಣ್ಣೆ ಬಣ್ಣದಲ್ಲಿ ಹಳದಿ, ಕಿತ್ತಳೆ ಮತ್ತು ಕೆಂಪು ಗೆರೆಗಳನ್ನು ಎಳೆಯಬೇಕು. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಹಿರಿಯರನ್ನು ಕೇಳಿ ಅದನ್ನೂ ಒಂದು ಕಪ್ಪು ಗೆರೆಯಾಗಿ ಬರೆದು, ಇಸವಿ ನಮೂದಿಸಬೇಕು. ಒಂದು ಊರಿನಲ್ಲಿ ಹನುಮಪ್ಪನ ಗುಡಿಯ ಗೋಡೆಯ ಮೇಲೆ, ನಿಂತವರ ತಲೆಗಿಂತ ಒಂದು ಮೊಳ ಎತ್ತರದಲ್ಲಿ ಆ ಗೆರೆಯನ್ನು ಕಂಡಿದ್ದೇನೆ. ಶಾಲೆಗೆ ಹೋಗುವ ಮಕ್ಕಳು ಅದರ ಕೆಳಗೆ ನಿಂತು ಕೈ ಚಾಚಿ ಅಳೆಯುತ್ತಿದ್ದರು. ಎಷ್ಟು ಬಾರಿ ಬಾಯಿಮಾತಿನಲ್ಲಿ ಹೇಳಿದರೂ ಮನಸ್ಸಿಗೆ ಇಳಿಯದ ಎತ್ತರ ಹಾಗೆ ಒಂದು ಗೆರೆಯಿಂದ ಇಳಿಯುತ್ತದೆ.

ಯಾರು, ಯಾವಾಗ ಹೊರಡಬೇಕು

ಹಳದಿ ಗೆರೆ ಮುಟ್ಟಿದಾಗ ದನಕರುಗಳು, ಗರ್ಭಿಣಿಯರು, ಬಾಣಂತಿಯರು, ಹಾಸಿಗೆ ಹಿಡಿದವರು, ಅಂಗವಿಕಲರು ಮತ್ತು ಒಂಟಿಯಾಗಿರುವ ವೃದ್ಧರು ಹೊರಡಬೇಕು. ಕಿತ್ತಳೆ ಗೆರೆ ಮುಟ್ಟಿದಾಗ ತಗ್ಗಿನ ಓಣಿಗಳೆಲ್ಲವೂ ಖಾಲಿಯಾಗಬೇಕು. ಕೆಂಪು ಗೆರೆ ಮುಟ್ಟುವ ಹೊತ್ತಿಗೆ ಊರಿನಲ್ಲಿ ಯಾರೂ ಉಳಿದಿರಬಾರದು. ಕೆಂಪು ಗೆರೆಯನ್ನು ಎಳೆಯುವಾಗ ಊರ ಹೊರಗೆ ಹೋಗುವ ರಸ್ತೆಯ ಅತಿ ತಗ್ಗಾದ ಜಾಗ ಮುಳುಗುವ ಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡು, ಅದಕ್ಕಿಂತ ಕನಿಷ್ಠ ಎರಡು ಅಡಿ ಕೆಳಗೆ ಎಳೆಯಬೇಕು. ಮನೆಗಳು ಮುಳುಗುವ ಮಟ್ಟವನ್ನು ನೋಡಿ ಕೆಂಪು ಗೆರೆ ಎಳೆದ ಊರುಗಳಲ್ಲಿ, ಮನೆಗಳು ಒಣಗಿರುವಾಗಲೇ ರಸ್ತೆ ಮುಳುಗಿ ಊರು ನಡುಗಡ್ಡೆಯಾಗುವುದುಂಟು.

ಹೊರಡಿರೆಂದು ಹೇಳುವ ಅಧಿಕಾರ ತಹಶೀಲ್ದಾರರಿಗೂ ಜಿಲ್ಲಾಡಳಿತಕ್ಕೂ ಇದ್ದೇ ಇದೆ. ಆದರೆ ರಾತ್ರಿ ಎರಡು ಗಂಟೆಗೆ ನೀರು ಕಿತ್ತಳೆ ಗೆರೆ ಮುಟ್ಟಿ, ಮೊಬೈಲ್ ನೆಟ್‌ವರ್ಕ್ ಹೋಗಿದ್ದರೆ ಮೇಲಿನ ಆದೇಶಕ್ಕಾಗಿ ಕಾಯುತ್ತ ಕೂರಲಾಗದು. ಅದಕ್ಕಾಗಿ ಊರಿನಲ್ಲೇ ಒಬ್ಬರನ್ನು, ಅವರು ಇಲ್ಲದಿದ್ದರೆ ಎರಡನೆಯವರನ್ನು, ಅವರೂ ಇಲ್ಲದಿದ್ದರೆ ಮೂರನೆಯವರನ್ನು ಗ್ರಾಮಸಭೆಯಲ್ಲಿ ಹೆಸರು ಹಿಡಿದು ನೇಮಿಸಿ, ನಡಾವಳಿಯಲ್ಲಿ ಬರೆಸಬೇಕು. ಇವರಲ್ಲಿ ಒಬ್ಬರಾದರೂ ಮಹಿಳೆ ಇರಲಿ ಎಂಬುದು ನನ್ನ ಒತ್ತಾಯ. ಗಂಡಸರು ಹೊಲದಲ್ಲಿ ಮೋಟಾರು ಬಿಚ್ಚಲು ಹೋಗಿರುವ ಹೊತ್ತಿನಲ್ಲಿ ಮನೆಯನ್ನು ಖಾಲಿ ಮಾಡಬೇಕೋ ಬೇಡವೋ ಎಂಬ ನಿರ್ಧಾರ ಹೆಂಗಸರ ಮೇಲೆಯೇ ಬೀಳುತ್ತದೆ, ಮತ್ತು ಅವರು ಇನ್ನೊಬ್ಬ ಹೆಂಗಸಿನ ಮಾತಿಗೆ ಬೇಗ ಹೊರಡುತ್ತಾರೆ.

ಸಾರುವ ವಿಧಾನವೂ ಮೊದಲೇ ಗೊತ್ತಾಗಿರಬೇಕು. ಗುಡಿಯ ಮತ್ತು ಮಸೀದಿಯ ಮೈಕು ಒಳ್ಳೆಯ ಸಾಧನ, ಆದರೆ ನೆರೆ ಬಂದಾಗ ವಿದ್ಯುತ್ ಮೊದಲು ಹೋಗುತ್ತದೆ. ಆದ್ದರಿಂದ ಮೈಕಿಗೆ ಒಂದು ಬ್ಯಾಟರಿಯ ವ್ಯವಸ್ಥೆ ಇರಬೇಕು, ಜೊತೆಗೆ ಹಲಗೆ ಬಾರಿಸಿ ಡಂಗುರ ಸಾರುವ ಹಳೆಯ ಪದ್ಧತಿಯನ್ನೂ ಉಳಿಸಿಕೊಳ್ಳಬೇಕು. ಹಬ್ಬ, ಮೆರವಣಿಗೆಗಳ ಬಡಿತಕ್ಕಿಂತ ಬೇರೆಯಾದ ಒಂದು ಬಡಿತವನ್ನು ನೆರೆಗೆಂದೇ ಗೊತ್ತುಮಾಡಿಕೊಂಡರೆ, ನಿದ್ದೆಯಲ್ಲಿದ್ದವರಿಗೂ ಅದರ ಅರ್ಥ ತಿಳಿಯುತ್ತದೆ. ಕಿವಿ ಕೇಳದವರ ಮನೆಗೆ ಹೋಗಿ ಬಾಗಿಲು ತಟ್ಟುವ ಕೆಲಸವನ್ನು ಪಕ್ಕದ ಮನೆಯ ಒಬ್ಬರಿಗೆ ಹೆಸರಿಟ್ಟು ವಹಿಸಬೇಕು.

ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳನ್ನೂ ಸರಿಯಾಗಿ ಓದಿಕೊಳ್ಳಬೇಕು. ಇಲಾಖೆಯ ಭಾಷೆಯಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮಿ.ಮೀ. ತಲುಪಿದರೆ ಅತಿ ಭಾರಿ, 204.4 ಮಿ.ಮೀ. ದಾಟಿದರೆ ಅತ್ಯಂತ ಭಾರಿ. ಆದರೆ ಹೊಳೆದಂಡೆಯವರಿಗೆ ತಮ್ಮ ಊರಿನ ಆಕಾಶಕ್ಕಿಂತ ಸಹ್ಯಾದ್ರಿಯ ಆಕಾಶ ಮುಖ್ಯ. ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರುವುದನ್ನು ಅಥಣಿ, ಜಮಖಂಡಿಯ ಜನ ಹಲವು ಬಾರಿ ಕಂಡಿದ್ದಾರೆ. ಬೆಳಗಾವಿ ಅಥವಾ ಬಾಗಲಕೋಟೆಗೆ ಎಚ್ಚರಿಕೆ ಇಲ್ಲದಿದ್ದರೂ ಕೊಲ್ಹಾಪುರ, ಸಾಂಗಲಿ, ಸಾತಾರಾ ಜಿಲ್ಲೆಗಳಿಗೆ ಕೆಂಪು ಎಚ್ಚರಿಕೆ ಬಂದಿದ್ದರೆ ಅದನ್ನು ನಮ್ಮ ಊರಿಗೇ ಬಂದ ಎಚ್ಚರಿಕೆ ಎಂದು ತಿಳಿಯಬೇಕು.

ದನಗಳಿಗೆ ಜಾಗ ಸಿಗದೆ ಜನ ಹೊರಡುವುದಿಲ್ಲ

ಅಧಿಕಾರಿಗಳು ಬಂದು ಎಷ್ಟೇ ಹೇಳಿದರೂ ಕೆಲವರು ಮನೆ ಬಿಡಲು ಒಪ್ಪುವುದಿಲ್ಲ ಎಂಬ ದೂರು ಪ್ರತಿ ನೆರೆಯಲ್ಲೂ ಕೇಳಿಬರುತ್ತದೆ. ಅದನ್ನು ಹಟ ಎಂದು ಕರೆಯುವುದು ಅನ್ಯಾಯ. ಮೊಣಕಾಲು ಮುಳುಗುವ ನೀರಿನಲ್ಲಿ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದ ಒಬ್ಬ ಅಜ್ಜನನ್ನು ಬೋಟಿನವರು ಕರೆದಾಗ, "ಇದನ್ನ ಎಲ್ಲಿ ಕಟ್ಟಲಿ ಹೇಳ್ರಿ, ಬರ್ತೀನಿ" ಎಂದು ಆತ ಕೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಆ ಮಾತಿಗೆ ಬೋಟಿನಲ್ಲಿದ್ದ ನಮ್ಮ ಯಾರ ಬಳಿಯೂ ಉತ್ತರ ಇರಲಿಲ್ಲ. ಆ ಎಮ್ಮೆಯ ಹಾಲೇ ಆತನ ಮನೆಯ ದಿನದ ಖರ್ಚು. ಹಾಗಾಗಿ ಯೋಜನೆಯಲ್ಲಿ ಜನರ ಕೇಂದ್ರಕ್ಕಿಂತ ಮೊದಲು ದನಗಳ ಕೇಂದ್ರವನ್ನು ಗೊತ್ತುಮಾಡಿ ಎಂದು ನಾನು ಹೇಳುತ್ತೇನೆ.

ಎಪಿಎಂಸಿ ಪ್ರಾಂಗಣ, ಸಕ್ಕರೆ ಕಾರ್ಖಾನೆಯ ಖಾಲಿ ಅಂಗಳ, ದಿಬ್ಬದ ಮೇಲಿನ ಗಾಯರಾಣ (ಗೋಮಾಳ) ಇವುಗಳಲ್ಲಿ ಯಾವುದಾದರೂ ಒಂದನ್ನು, ಒಡೆತನ ಇರುವವರ ಲಿಖಿತ ಒಪ್ಪಿಗೆ ಪಡೆದು, ಮೇ ತಿಂಗಳಲ್ಲೇ ನಿಗದಿ ಮಾಡಬೇಕು. ಒಂದು ದೊಡ್ಡ ದನಕ್ಕೆ ದಿನಕ್ಕೆ ಸುಮಾರು 6 ಕೆ.ಜಿ. ಒಣಮೇವು ಮತ್ತು 40 ಲೀಟರ್ ನೀರು ಎಂದು ಹಿಡಿದರೆ, 200 ದನಗಳಿಗೆ ಹತ್ತು ದಿನಕ್ಕೆ 12 ಟನ್ ಮೇವು ಬೇಕು ಮತ್ತು ದಿನಕ್ಕೆ 8,000 ಲೀಟರ್ ನೀರು ಬೇಕು. ಹತ್ತು ದಿನಗಳ ಲೆಕ್ಕ ಹೆಚ್ಚೆಂದು ಅನ್ನಿಸಬಹುದು, ಆದರೆ ನೀರು ಇಳಿದ ಮೇಲೂ ಹೊಲದ ಹುಲ್ಲೆಲ್ಲ ಕೆಸರಾಗಿರುತ್ತದೆ. ಪ್ರತಿ ಮನೆಯವರು ತಮ್ಮ ಕಣಿಕೆಯ ಬಣವೆಯಿಂದ ಒಂದು ಪಾಲನ್ನು ಬೇಸಿಗೆಯಲ್ಲೇ ಎತ್ತರದ ಜಾಗಕ್ಕೆ ಸಾಗಿಸಿ, ತಾಡಪತ್ರಿ ಹೊದಿಸಿ ಇಟ್ಟರೆ ಉಳಿದದ್ದನ್ನು ಕಬ್ಬಿನ ಸೋಗೆಯಿಂದ ಸರಿದೂಗಿಸಬಹುದು. ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆಗಳನ್ನು ಮಳೆಗಾಲಕ್ಕೆ ಮೊದಲು ಹಾಕಿಸಬೇಕು, ಏಕೆಂದರೆ ಹಲವು ಊರಿನ ದನಗಳು ಒಂದೇ ಕಡೆ ಸೇರಿದಾಗ ರೋಗ ಹರಡುವುದು ಸುಲಭ. ಕಿವಿಯ ಗುರುತಿನ ಓಲೆ ಕಾಣಿಸುವಂತೆ ಪ್ರತಿ ದನದ ಫೋಟೊ ತೆಗೆದಿಟ್ಟುಕೊಂಡರೆ, ತಪ್ಪಿಸಿಕೊಂಡಾಗಲೂ ಸತ್ತುಹೋದಾಗ ಪರಿಹಾರ ಕೇಳುವಾಗಲೂ ಉಪಯೋಗಕ್ಕೆ ಬರುತ್ತದೆ. ಪಶು ಆಂಬುಲೆನ್ಸ್‌ಗೆ ಕರೆ ಮಾಡುವ ಸಂಖ್ಯೆ 1962.

ಸಾಗಿಸಲು ಸಮಯವಿಲ್ಲದೆ ದನಗಳನ್ನು ಬಿಟ್ಟುಹೋಗಬೇಕಾದ ಪರಿಸ್ಥಿತಿ ಬಂದರೆ, ಕಣ್ಣಿ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದು ಹೋಗಬೇಕು. ಬಿಚ್ಚಿದ ಎಮ್ಮೆ ಈಜಿಯಾದರೂ ಎತ್ತರಕ್ಕೆ ಸೇರೀತು, ಕಟ್ಟಿದ ಎಮ್ಮೆಗೆ ಆ ಅವಕಾಶವೂ ಇರುವುದಿಲ್ಲ.

ದಾರಿ, ಸೇತುವೆ ಮತ್ತು ವಾಹನ

ಯಾವ ಓಣಿಯವರು ಯಾವ ಟ್ರ್ಯಾಕ್ಟರ್‌ನಲ್ಲಿ, ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಡೀಸೆಲ್ ಖರ್ಚನ್ನು ಯಾರು ಕೊಡುತ್ತಾರೆ ಎಂಬುದೂ ಆ ಸಭೆಯಲ್ಲೇ ಇತ್ಯರ್ಥವಾಗಲಿ, ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಟ್ರ್ಯಾಕ್ಟರ್ ಸಿಗುವುದಿಲ್ಲ.

ನೀರು ಹರಿಯುತ್ತಿರುವ ಸೇತುವೆಯನ್ನು ದಾಟುವ ವಿಷಯದಲ್ಲಿ ಮಾತ್ರ ಯಾರಿಗೂ ವಿನಾಯಿತಿ ಇರಬಾರದು. ವೇಗವಾಗಿ ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲನ್ನು ಕೀಳಬಲ್ಲದು. ಒಂದು ಅಡಿ ನೀರಿನಲ್ಲಿ ಸಣ್ಣ ಕಾರು ತೇಲತೊಡಗುತ್ತದೆ, ಎರಡು ಅಡಿ ನೀರು ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಕಲ್ಲೋಳ-ಯಡೂರು, ಕುಡಚಿ-ಉಗಾರದಂಥ ಸೇತುವೆಗಳು ಮಳೆಗಾಲದಲ್ಲಿ ಮುಳುಗುವುದು ಎಲ್ಲರಿಗೂ ಗೊತ್ತಿದ್ದರೂ, ದಿನವೂ ಓಡಾಡಿದ ದಾರಿಯಲ್ಲವೇ ಎಂಬ ಧೈರ್ಯದಲ್ಲಿ ನೀರಿಗೆ ಬೈಕು ಇಳಿಸುವವರಿದ್ದಾರೆ. ನೀರಿನ ಕೆಳಗೆ ರಸ್ತೆ ಇನ್ನೂ ಇದೆಯೋ ಕೊಚ್ಚಿಹೋಗಿದೆಯೋ ಎಂಬುದು ಮೇಲಿನಿಂದ ಕಾಣುವುದಿಲ್ಲ. ಸೇತುವೆಯ ಎರಡೂ ಕಡೆ ಇಬ್ಬಿಬ್ಬರು ಸ್ವಯಂಸೇವಕರನ್ನು ಪಾಳಿಯಂತೆ ನಿಲ್ಲಿಸಿ, ಅಡ್ಡಗಟ್ಟೆ ಹಾಕಿಸಿ, ಪೊಲೀಸರಿಗೆ 112ರ ಮೂಲಕ ತಿಳಿಸಬೇಕು. ಸೆಲ್ಫಿಗಾಗಿ ಬರುವವರನ್ನೂ ಅಲ್ಲಿಂದಲೇ ಹಿಂದಕ್ಕೆ ಕಳಿಸಬೇಕು.

ಕಾಳಜಿ ಕೇಂದ್ರ

ಸಾಮಾನ್ಯವಾಗಿ ಶಾಲೆಯೇ ಕಾಳಜಿ ಕೇಂದ್ರವಾಗುತ್ತದೆ. ಆ ಶಾಲೆಗೆ 400 ಜನ ಬರುತ್ತಾರೆ ಎಂದಿಟ್ಟುಕೊಳ್ಳಿ. ಪರಿಹಾರ ಕಾರ್ಯಕ್ಕೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, ಮಲಗಲು 3.5 ಚದರ ಮೀಟರ್ ಜಾಗ, 20 ಜನಕ್ಕೊಂದು ಶೌಚಾಲಯ ಬೇಕು. ಅಂದರೆ 6,000 ಲೀಟರ್ ನೀರು, 20 ಶೌಚಾಲಯ. 45 ಚದರ ಮೀಟರಿನ ಒಂದು ಕೊಠಡಿಯಲ್ಲಿ 12-13 ಜನ ಮಾತ್ರ ನೆಮ್ಮದಿಯಾಗಿ ಮಲಗಬಹುದು. ನಮ್ಮ ಹೆಚ್ಚಿನ ಹಳ್ಳಿ ಶಾಲೆಗಳಲ್ಲಿ ಇಷ್ಟು ಅನುಕೂಲ ಇರುವುದಿಲ್ಲ. ಆ ಕೊರತೆಯನ್ನು ಮೇ ತಿಂಗಳಲ್ಲೇ ಅಂಕಿಗಳಲ್ಲಿ ಬರೆದು ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದರೆ, ಎರಡನೆಯ ಕೇಂದ್ರಕ್ಕೋ ತಾತ್ಕಾಲಿಕ ಶೌಚಾಲಯಕ್ಕೋ ಏರ್ಪಾಡು ಮಾಡಲು ಆಡಳಿತಕ್ಕೂ ಸಮಯ ಸಿಗುತ್ತದೆ.

ಹೆಂಗಸರ ಶೌಚಾಲಯ ಹತ್ತಿರದಲ್ಲಿರಬೇಕು, ಅದರ ದಾರಿಯಲ್ಲಿ ರಾತ್ರಿಯಿಡೀ ದೀಪ ಇರಬೇಕು, ಒಳಗಿನಿಂದ ಚಿಲಕ ಇರಬೇಕು. ಹಾಲುಣಿಸುವ ತಾಯಂದಿರಿಗೆ ಒಂದು ಕೊಠಡಿಯನ್ನು ಪ್ರತ್ಯೇಕವಾಗಿಡಬೇಕು. ಮುಟ್ಟಿನ ಬಟ್ಟೆ, ಪ್ಯಾಡುಗಳನ್ನು ಹೆಂಗಸರ ಕೈಯಿಂದಲೇ ಹಂಚಿಸಬೇಕು. ಕೇರಿ ಕೇರಿಗೆ ಬೇರೆ ಪಂಕ್ತಿ, ಬೇರೆ ನೀರಿನ ಕೊಡ ಇಡುವ ಮಾತು ಯಾರ ಬಾಯಿಂದಲೂ ಬರಕೂಡದು. ಬಂದರೆ ಕೇಂದ್ರದ ಹೊಣೆ ಹೊತ್ತವರು ಅಲ್ಲಿಯೇ ತಡೆಯಬೇಕು. ಆಶಾ ಕಾರ್ಯಕರ್ತೆಯ ಬಳಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆ, ಕ್ಷಯದ ಮಾತ್ರೆ ತೆಗೆದುಕೊಳ್ಳುವವರ ಪಟ್ಟಿ ಇದ್ದರೆ, ಮಾತ್ರೆ ತಪ್ಪಿ ಆಗುವ ಅನಾಹುತವನ್ನು ತಡೆಯಬಹುದು. ವಾಂತಿಭೇದಿ ಕಾಣಿಸಿದವರಿಗೆ ಒಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತ ಆಸ್ಪತ್ರೆಗೆ ಸಾಗಿಸಬೇಕು.

ಮನೆಯ ಮಟ್ಟದಲ್ಲಿ

ಪ್ರತಿ ಮನೆಯಲ್ಲಿ ಆಧಾರ್, ರೇಷನ್ ಕಾರ್ಡ್, ಪಹಣಿ, ಮನೆಯ ಉತಾರ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಮಡಚಿ ದಾರದಿಂದ ಬಿಗಿದು, ಬಾಗಿಲ ಪಕ್ಕದ ಗೂಟಕ್ಕೆ ಜೂನ್‌ನಿಂದಲೇ ತೂಗುಹಾಕಿರಬೇಕು. ಟ್ರಂಕಿನೊಳಗಿದ್ದರೆ ಆ ಗಡಿಬಿಡಿಯಲ್ಲಿ ಬೀಗದ ಕೈ ಸಿಗುವುದಿಲ್ಲ. ಟಾರ್ಚು, ಒಂದು ವಾರದ ಔಷಧಿ, ಮೂರು ದಿನಕ್ಕಾಗುವಷ್ಟು ಅವಲಕ್ಕಿ, ಶೇಂಗಾ, ಬೆಲ್ಲ, ಕಟಕ ರೊಟ್ಟಿ ಜೊತೆಗಿರಲಿ. ಹೊರಡುವಾಗ ಮೇನ್ ಸ್ವಿಚ್ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಹೋಗಬೇಕು. ಮನೆಯ ಒಳಗೂ ಹೊರಗೂ ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಂಡಿದ್ದರೆ ಮುಂದೆ ಹಾನಿಯ ಸಮೀಕ್ಷೆ ನಡೆಯುವಾಗ ಅದು ಸಾಕ್ಷಿಯಾಗುತ್ತದೆ.

ನೀರು ಇಳಿದ ಮೇಲೆ

ಮರಳುವ ಅವಸರದಲ್ಲಿ ಆಗುವ ಸಾವುಗಳು ಬಹಳ ನೋವು ತರುತ್ತವೆ, ಏಕೆಂದರೆ ಅವರು ನೆರೆಯನ್ನು ಗೆದ್ದು ಬಂದವರು. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳು ನೀರಿನಲ್ಲಿ ನಿಂತಾಗಲೇ ಬೀಳಬೇಕೆಂದಿಲ್ಲ. ನೀರು ಇಳಿದು ಬಿಸಿಲಿಗೆ ಗೋಡೆ ಒಣಗತೊಡಗಿದಾಗ, ಮೇಲ್ಮುದ್ದೆಯ ಭಾರಕ್ಕೆ ಒಮ್ಮೆಲೇ ಕುಸಿಯುವುದುಂಟು. ಪಂಚಾಯಿತಿಯ ಎಂಜಿನಿಯರ್ ಅಥವಾ ಅನುಭವಿ ಗವಂಡಿಯವರು ನೋಡಿ ಹೇಳುವವರೆಗೆ ಇಂಥ ಮನೆಯಲ್ಲಿ ಮಲಗಬಾರದು. ವಿದ್ಯುತ್ ಸಿಬ್ಬಂದಿ ಪರೀಕ್ಷಿಸುವವರೆಗೆ ಮೇನ್ ಸ್ವಿಚ್ ಮುಟ್ಟಬಾರದು. ತುಂಡಾಗಿ ಬಿದ್ದ ತಂತಿ ಕಂಡರೆ 1912ಕ್ಕೆ ತಿಳಿಸಬೇಕು. ಹಾಸಿಗೆಯ ಸುರುಳಿ, ಕಟ್ಟಿಗೆಯ ರಾಶಿ, ಒಲೆಯ ಮೂಲೆಗಳಲ್ಲಿ ಹಾವು ಸೇರಿರುತ್ತವೆ. ಉದ್ದನೆಯ ಕೋಲಿನಿಂದ ಬಡಿದು ನೋಡಿಯೇ ಕೈ ಹಾಕಬೇಕು. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರಕ್ಕೆ ಒಯ್ಯುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ 108ರಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಾವಿಯ ನೀರನ್ನು ಮೊದಲು ಪಂಪ್ ಹಚ್ಚಿ ಹೊರಹಾಕಿ, ಹೂಳು ತೆಗೆಸಬೇಕು. ಹೊಸ ನೀರು ಬಂದ ಬಳಿಕ 1,000 ಲೀಟರಿಗೆ ಕನಿಷ್ಠ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯ ಲೆಕ್ಕದಲ್ಲಿ ತಿಳಿ ಮಾಡಿ ಬೆರೆಸಿ, ಒಂದು ಗಂಟೆ ಬಿಟ್ಟು, ಆರೋಗ್ಯ ಸಿಬ್ಬಂದಿಯಿಂದ ಕ್ಲೋರಿನ್ ಪರೀಕ್ಷೆ ಮಾಡಿಸಬೇಕು. ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿದ್ದರೆ ಸರಿ, ಇಲ್ಲದಿದ್ದರೆ ಪುಡಿಯನ್ನು ಹೆಚ್ಚಿಸಬೇಕು. ಅಲ್ಲಿಯವರೆಗೆ ಕುದಿಸಿದ ನೀರೇ ಗತಿ.

ಪಂಚನಾಮೆಗೆ ಬಂದಾಗ ಮನೆಯವರು ಸ್ಥಳದಲ್ಲಿರಬೇಕು, ಹಾನಿಯನ್ನು ಯಾವ ವರ್ಗದಲ್ಲಿ ಬರೆದರು ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ಬೆಳೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ವಿಪತ್ತು ನಿಧಿಯ ಪರಿಹಾರಕ್ಕೆ ಅರ್ಹತೆ ಬರುತ್ತದೆ. ಬಾಡಿಗೆ ಮನೆಯವರು, ಗುಡಿಸಲಿನವರು, ಕಬ್ಬು ಕಡಿಯಲು ಬಂದ ಗುಂಪಿನವರ ಹೆಸರು ಯಾವ ಉತಾರದಲ್ಲೂ ಇರುವುದಿಲ್ಲ. ಅವರ ಪಟ್ಟಿಯನ್ನು ಊರಿನ ಸಮಿತಿಯೇ ನೆರೆಗೆ ಮೊದಲು ಮಾಡಿಟ್ಟಿದ್ದರೆ ಸಮೀಕ್ಷೆಯಲ್ಲಿ ಅವರು ಬಿಟ್ಟುಹೋಗುವುದಿಲ್ಲ.

ಒಮ್ಮೆ ನಡೆಸಿ ನೋಡುವುದು

ಜೂನ್ ಮೊದಲ ಭಾನುವಾರ ಸಂಜೆ, ಹಲಗೆ ಬಾರಿಸಿ, ಊರನ್ನು ಹೊರಡಿಸಿ ನೋಡಬೇಕು. ದನಗಳನ್ನೂ ಹೊಡೆದುಕೊಂಡು ಹೋಗಬೇಕು, ಟ್ರ್ಯಾಕ್ಟರ್‌ಗಳೂ ಹೊರಡಬೇಕು, ಮೊದಲ ಬಡಿತದಿಂದ ಕೊನೆಯ ಮನೆ ಖಾಲಿಯಾಗುವವರೆಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ನೆರೆ ವಹಿಯಲ್ಲಿ ಬರೆಯಬೇಕು. ನಾನು ಪಾಲ್ಗೊಂಡ ಒಂದು ತಾಲೀಮಿನಲ್ಲಿ ಎಲ್ಲವೂ ಕಾಗದದ ಮೇಲೆ ಸರಿಯಾಗಿತ್ತು. ಟ್ರ್ಯಾಕ್ಟರ್ ಸರಿಯಾದ ಸಮಯಕ್ಕೆ ಬಂತು, ಪಟ್ಟಿಯಲ್ಲಿದ್ದ ಮುದುಕಿಯರು ಗಂಟು ಹಿಡಿದು ಸಿದ್ಧರಾಗಿ ನಿಂತಿದ್ದರು. ಆದರೆ ಟ್ರೇಲರಿನ ತಳ ಅವರ ಎದೆಯ ಮಟ್ಟಕ್ಕಿತ್ತು, ಯಾರೊಬ್ಬರಿಗೂ ಹತ್ತಲಾಗಲಿಲ್ಲ. ಪಕ್ಕದ ಮನೆಯಿಂದ ಬಡಿಗೇರರೊಬ್ಬರು ಎರಡು ಮೆಟ್ಟಿಲಿನ ಕಟ್ಟಿಗೆಯ ಸ್ಟೂಲು ತಂದಿಟ್ಟರು. ಆ ಸಂಜೆಯೇ ಯೋಜನೆಯ ಸಾಮಗ್ರಿ ಪಟ್ಟಿಯಲ್ಲಿ, ಪ್ರತಿ ಟ್ರ್ಯಾಕ್ಟರಿಗೂ ಒಂದು ಸ್ಟೂಲು ಎಂದು ಸೇರಿಸಲಾಯಿತು.